ಎಲ್ಲಿಗೆ ಎಂದು ಕೇಳುವ ವೈರ್‌ಲೆಸ್ ಕಾಕಾ

ನಾನು ನಿಂತಿದ್ದದ್ದು ದುಂಡಸಿಯ ಹೊರಗೆ, ಶಿಗ್ಗಾಂವಿಗೆ ಹೋಗುವ ದಾರಿಯ ಬದಿಗೆ, ನಮ್ಮ ಗುತ್ತಿಗೆದಾರರು ಬಾಡಿಗೆಗೆ ಹಿಡಿದಿದ್ದ ಹಳೆಯ ಹತ್ತಿ ಗೋದಾಮಿನ ಬಾಗಿಲಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಶ್ರಾವಣ ಸೋಮವಾರ, ಮಧ್ಯಾಹ್ನದ ಊಟದ ಹೊತ್ತು. ಒಂದು ಕಾಲು ಹೊಸ್ತಿಲೊಳಗೆ ಇಟ್ಟು, ಕೊಡೆಯ ನೀರನ್ನು ಹೊರಗೆ ಝಾಡಿಸುತ್ತಿದ್ದೆ. ವೈರ್‌ಲೆಸ್ ಮೇಜು ಅಲ್ಲಿಂದ ಎದುರಿಗೇ ಕಾಣುತ್ತಿತ್ತು. ಮೇಜಿನ ಮುಂದೆ ಕುಳಿತವರ ಮುಖ ನನಗೆ ಅರ್ಧ ಮಾತ್ರ ಕಂಡಿತು. ಪೂರ್ತಿ ಕಂಡದ್ದು ಅವರ ಬಲಗೈ ಹೆಬ್ಬೆರಳು.

ಆ ಹೆಬ್ಬೆರಳು ಬೇರೆಯವರದರಂತಿರಲಿಲ್ಲ. ಮೈಕಿನ ಗುಂಡಿ ಒತ್ತಿ ಒತ್ತಿ ಅದರ ತುದಿ ಚಪ್ಪಟೆಯಾಗಿ, ನಡುವೆ ಹಳದಿಯಾಗಿ ಜಡ್ಡುಗಟ್ಟಿತ್ತು. ರೊಟ್ಟಿ ಮುರಿಯುವಾಗಲೂ ಅದು ಬೇರೆ ಬೆರಳುಗಳ ಜೊತೆ ಕೂಡಿಕೊಳ್ಳುತ್ತಿರಲಿಲ್ಲ, ಸ್ವಲ್ಪ ಎದ್ದೇ ಇರುತ್ತಿತ್ತು. ನಾವೆಲ್ಲ ಅವರನ್ನು ವೈರ್‌ಲೆಸ್ ಕಾಕಾ ಎನ್ನುತ್ತಿದ್ದೆವು.

ನಮ್ಮದು ದೊಡ್ಡ ವಿದ್ಯುತ್ ತಂತಿಯ ಗೋಪುರಗಳಿಗೆ ದಾರಿ ಅಳೆಯುವ ಕೆಲಸ. ತಡಸದ ಕಡೆಯಿಂದ ಹಾನಗಲ್ ಮೇಲೆ ಹಾಯ್ದು ಹಿರೇಕೆರೂರಿನವರೆಗೆ ಗೆರೆ ಎಳೆಯಬೇಕಿತ್ತು. ಗೋಪುರಗಳು ರಸ್ತೆಯ ಜೊತೆಗೆ ಹೋಗುವುದಿಲ್ಲ. ಕುರುಚಲು ಕಾಡು, ಹೊಲದ ಬದು, ಹಳ್ಳ, ಗುಡ್ಡ, ಯಾವುದು ಅಡ್ಡ ಬಂದರೂ ನೇರ ನಡೆಯುತ್ತವೆ. ಅವುಗಳ ಹಿಂದೆ, ಎತ್ತಿನ ಗಾಡಿ ಕೂಡ ಹೋಗದ ಜಾಗಗಳಲ್ಲಿ ನಮ್ಮ ಜೀಪುಗಳು ಹೋಗುತ್ತಿದ್ದವು. ನಾನು ಕ್ಯಾಂಪಿನಲ್ಲಿ ಕುಳಿತು ನಕ್ಷೆ ಬರೆಯುವವನು. ಜೀಪುಗಳಿಗೂ ಕ್ಯಾಂಪಿಗೂ ನಡುವೆ ಇದ್ದದ್ದು ವೈರ್‌ಲೆಸ್ ಸೆಟ್ಟು ಒಂದೇ.

ಸೆಟ್ಟಿಗೆ ಒಂದು ತೊಂದರೆಯಿತ್ತು. ನಡುವೆ ಗುಡ್ಡ ಬಂದರೆ ಮಾತು ದಾಟುತ್ತಿರಲಿಲ್ಲ. ಅದಕ್ಕೆ ಎಪ್ಪತ್ತರ ದಶಕದ ಕೊನೆಯಲ್ಲಿ, ಕೆಲಸ ಸುರುವಾದಾಗ, ಕಾಕಾ ಅವರೇ ಗುಡ್ಡದ ತುದಿಯಲ್ಲಿ ತಾಡಪತ್ರಿ ಕಟ್ಟಿಕೊಂಡು ಎರಡು ಸೆಟ್ಟು ಇಟ್ಟುಕೊಂಡು ಕೂಡುತ್ತಿದ್ದರು. ಈಚೆ ಜೀಪಿನವರು ಹೇಳಿದ್ದನ್ನು ಕೇಳಿ ಆಚೆ ಕ್ಯಾಂಪಿಗೆ ಹೇಳುವುದು, ಕ್ಯಾಂಪಿನದನ್ನು ಜೀಪಿಗೆ ಹೇಳುವುದು. ದಿನವೆಲ್ಲ ಅದೇ.

ಆದರೆ ಅವರು ಕೇಳಿದ್ದನ್ನೆಲ್ಲ ಹಾಗೇ ದಾಟಿಸುವವರಲ್ಲ. ಒಮ್ಮೆ ನಮ್ಮ ಜೀಪಿನ ಚಾಲಕ ಸರ್ವೇಯರ್ ಸಾಹೇಬರ ಮೇಲೆ ಸಿಟ್ಟಾಗಿ ಸೆಟ್ಟಿನಲ್ಲಿ ಏನೇನೋ ಅಂದ. ಕಾಕಾ ಕ್ಯಾಂಪಿಗೆ ಹೇಳಿದ್ದು ಇಷ್ಟು: "ಸಾಹೇಬ್ರ, ಗಾಡಿ ಪಂಚರ್ ಆಗೇತಂತ್ರಿ. ಮುಂದ ನಿಮಗ ಎರಡು ಮಾತು ಅಂದಾನ. ಅದನ್ನ ನಾ ದಾಟಸಂಗಿಲ್ಲ."

ಗುಡ್ಡದ ಮೇಲಿಂದ ಅವರಿಗೆ ಜೀಪೂ ಕಾಣುತ್ತಿತ್ತು, ಅದು ಎಬ್ಬಿಸುವ ಧೂಳೂ ಕಾಣುತ್ತಿತ್ತು. ಇದು ಮುಂದಿನ ಮಾತಿಗೆ ಬೇಕು. ಯಾಕೆಂದರೆ ನಮ್ಮ ಕಡೆ ಹೋಗುವವರು 'ಹೋಗ್ತೇನಿ' ಅನ್ನುವುದಿಲ್ಲ. ಅದು ಕೆಟ್ಟ ಮಾತು. 'ಬರ್ತೇನಿ' ಎಂದೇ ಹೊರಡುತ್ತಾರೆ. ಉಳಿದವರು 'ಹೂಂ, ಬಾ' ಎನ್ನುತ್ತಾರೆ. ಚಾಲಕ ಸೆಟ್ಟಿನಲ್ಲಿ 'ಬರ್ತೇನಿ' ಅಂದರೆ ಅವನು ಕ್ಯಾಂಪಿಗೆ ಬರುತ್ತಿದ್ದಾನೋ, ಮಾತು ಮುಗಿಸಿ ಮುಂದಕ್ಕೆ ಹೋಗುತ್ತಿದ್ದಾನೋ ನಮಗೆ ತಿಳಿಯುತ್ತಿರಲಿಲ್ಲ. ಕಾಕಾ ಧೂಳು ಯಾವ ಕಡೆಗೆ ಏಳುತ್ತಿದೆ ಎಂದು ನೋಡುತ್ತಿದ್ದರು. "ಬರ್ತೇನಿ ಅಂದಾನ, ಆದ್ರ ಹೊಂಟಾನ," ಎಂದು ಬಿಡಿಸಿ ಹೇಳುತ್ತಿದ್ದರು.

ಆಮೇಲೆ ರಿಪೀಟರ್ ಬಂತು. ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಎತ್ತರದ ಏರಿಯಲ್, ಎರಡು ಲಾರಿ ಬ್ಯಾಟರಿ. ಕಾಕಾ ಕೂಡುತ್ತಿದ್ದ ಕಲ್ಲಿನ ಮೇಲೆಯೇ ಅದನ್ನು ಕೂಡಿಸಿದರು. ಪೆಟ್ಟಿಗೆ ಜೀಪಿನ ಮಾತು ಕೇಳಿದ ಕ್ಷಣವೇ ಅದನ್ನೇ ತಿರುಗಿ ಜೋರಾಗಿ ಸುತ್ತಲಿಗೆಲ್ಲ ಬಿಡುತ್ತಿತ್ತು. ಕಾಕಾ ಗುಡ್ಡ ಇಳಿದು ಗೋದಾಮಿನ ಮೇಜಿಗೆ ಬಂದರು. ಅಡಿಗೆಯವ ಚೇಷ್ಟೆ ಮಾಡಿದ್ದ: "ಕಾಕಾ, ನಿಮ್ಮ ಕೆಲಸಾ ಪೆಟಗಿ ಮಾಡಾಕತ್ತೈತಿ. ಇನ್ನ ನೀವು ನನ್ನ ಜೋಡಿ ಉಳ್ಳಾಗಡ್ಡಿ ಹೆಚ್ಚರಿ."

ಕಾಕಾ ನಕ್ಕು, "ಪೆಟಗಿಗೆ ಕಿವಿ ಐತಿ, ಬಾಯಿ ಐತಿ. ಕಣ್ಣ ಇಲ್ಲಲ್ಲೋ," ಅಂದಿದ್ದರು. ನಾನಿದನ್ನು ಕೇಳಿದ್ದೇನೆ. ಅವರು ಹಾಸ್ಯಕ್ಕೆ ಅಂದಿದ್ದರು. ಅದಕ್ಕಿಂತ ಹೆಚ್ಚಿನ ಅರ್ಥ ಆಗ ಅವರಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ಆ ಸೋಮವಾರ ಬೆಳಿಗ್ಗೆ ನಮ್ಮ ಜೀಪಿನ ಚಾಲಕ, ಗೆರೆಗೆ ಅಡ್ಡ ಬರುವ ಮುಳ್ಳುಕಂಟಿ ಕಡಿಯುವ ಹೆಣ್ಣುಮಕ್ಕಳನ್ನು ಹಳ್ಳದ ಆಚೆ ಬಿಟ್ಟು ಬಂದಿದ್ದ. ಚಾಲಕ ಹತ್ತಿಮತ್ತೂರಿನವನು, ತಾಯಿಗೆ ಒಬ್ಬನೇ ಮಗ. ತಾನು ಓಡಿಸುವ ಜೀಪಿಗೆ ಎತ್ತಿಗೆ ಮಾತಾಡಿದಂತೆ ಮಾತಾಡುವವನು. ಮಧ್ಯಾಹ್ನ ಆ ಹೆಣ್ಣುಮಕ್ಕಳ ಬುತ್ತಿ ಕಟ್ಟಿಸಿಕೊಂಡು ತಿರುಗಿ ಹೋದ. ಅಷ್ಟರಲ್ಲಿ ಮೇಲಿನ ಕಾಡಿನಲ್ಲಿ ಮಳೆ ಹಿಡಿದಿತ್ತು.

ಸೆಟ್ಟು ಮಾತಾಡಿತು.

"ಕಾಕಾ, ಹಳ್ಳದ ದಂಡ್ಯಾಗ ನಿಂತೇನ್ರಿ. ಕೆಂಪನೀರು ಬರಾಕತ್ತೈತಿ. ಹೆಣ್ಮಕ್ಕಳು ಆಚೀಕಡೆ ಮಳ್ಯಾಗ ನಿಂತಾರ."

"ತಳದ ಕಲ್ಲು ಕಾಣ್ತಾವೇನಪಾ?"

"ಇಲ್ರಿ. ಇನ್ನೊಂದ ಸ್ವಲ್ಪ ತಡಾ ಆದ್ರ ದಾಟಾಕ ಆಗಂಗಿಲ್ರಿ. ನಾ ಬರ್ತೇನಿ ಹಂಗಾರ."

ಕಾಕಾ ಅವರ ಹೆಬ್ಬೆರಳು ಗುಂಡಿಯ ಮೇಲಿತ್ತು. ಅವರು ಏನೋ ಕೇಳಲು ಬಾಯಿ ತೆರೆದರು. ಅದನ್ನು ನಾನು ನೋಡಿದೆ. ಆದರೆ ಅವರು ಕೇಳಲಿಲ್ಲ. "ಹೂಂ, ಬಾ," ಅಂದರು. ಹೆಬ್ಬೆರಳು ಮೇಲೆದ್ದಿತು.

ಅಡಿಗೆಯವನ ಕಡೆ ತಿರುಗಿ, "ಅವಂಗೊಂದು ತಾಟು ಇಡೋ. ದಾಟಾಕ ಆಗಂಗಿಲ್ಲಂತ. ಬರಾಕತ್ತಾನ," ಅಂದರು. ಅಡಿಗೆಯವ ತಾಟು ಇಟ್ಟ. ನಾನು ಕೊಡೆ ಮಡಚಿದೆ.

ಆಗ ಸೆಟ್ಟು ತಾನಾಗಿ ತೆರೆದುಕೊಂಡಿತು. ಯಾರೂ ಕರೆದಿರಲಿಲ್ಲ. ಮೊದಲು ಬಂದದ್ದು ಎಂಜಿನ್ನಿನ ಸದ್ದು. ಅದರೊಳಗೆ ಅವನ ದನಿ, ನಮಗಲ್ಲ, ಜೀಪಿಗೆ: "ನಡೀ ನನ್ನವ್ವಾ... ಹೂಂ... ಅಂಜಬ್ಯಾಡ, ನಡೀ..." ಹಿಂದಿನಿಂದ ಇನ್ನೊಂದು ಸದ್ದು. ಅದು ಮಳೆಯದಲ್ಲ.

ಕಾಕಾ ಎದ್ದು ನಿಂತರು. "ಇಂವ ಬರಾಕತ್ತಿಲ್ಲ," ಅಂದರು. "ಹೊಂಟಾನ."

ಮೈಕು ಎತ್ತಿಕೊಂಡು ಕೂಗತೊಡಗಿದರು: "ಹಿಂದಕ್ಕ ತಗೀ! ತಮ್ಮಾ, ಹಿಂದಕ್ಕ! ಹಿಂದಕ್ಕ ತಗೀ!"

ವೈರ್‌ಲೆಸ್ಸಿನ ಗುಣ ತಿಳಿಯದವರಿಗೆ ಇದನ್ನು ಹೇಳಬೇಕು. ಗುಂಡಿ ಒತ್ತಿರುವಷ್ಟು ಹೊತ್ತು ಆ ಸೆಟ್ಟು ಬರೀ ಮಾತಾಡುತ್ತದೆ, ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಕಾಕಾ ಹೊಸಬರಿಗೆ ಕಲಿಸುತ್ತಿದ್ದ ಮೊದಲ ಪಾಠವೇ ಅದು: "ಒತ್ತಿದಾಗ ಬಾಯಿ, ಬಿಟ್ಟಾಗ ಕಿವಿ." ಜೀಪಿನ ಗುಂಡಿ ಏನೋ ಭಾರಕ್ಕೆ ಒತ್ತಿಕೊಂಡು ಹೋಗಿತ್ತು. ಕಾಕಾ ಗುಂಡಿ ಬಿಟ್ಟಾಗಲೆಲ್ಲ ನೀರಿನ ಸದ್ದು ನಮ್ಮ ಗೋದಾಮು ತುಂಬುತ್ತಿತ್ತು. ಒತ್ತಿ ಕೂಗಿದರೆ ಆ ಕೂಗು ಅವನಿಗೆ ಮುಟ್ಟುತ್ತಿರಲಿಲ್ಲ. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಕಾಕಾ. ಆದರೂ ಒತ್ತಿದರು, ಕೂಗಿದರು, ಬಿಟ್ಟರು, ಕೇಳಿದರು, ಮತ್ತೆ ಒತ್ತಿದರು. ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು.

ಒಮ್ಮೆ ಬಿಟ್ಟಾಗ ಎಂಜಿನ್ನಿನ ಸದ್ದಿರಲಿಲ್ಲ. ನೀರಿನದಷ್ಟೇ ಇತ್ತು. ಅದೂ ಕಟ್ಟಾಯಿತು. ಗುಡ್ಡದ ಪೆಟ್ಟಿಗೆ ಪ್ರತಿ ಮಾತಿನ ಕೊನೆಗೆ ಬಿಡುವ ಸಣ್ಣ ಉಸಿರಿನಂಥ ಸಪ್ಪಳ ಬಿಟ್ಟು ಸುಮ್ಮನಾಯಿತು.

ಕಾಕಾ ಅವನ ಹೆಸರು ಹಿಡಿದು ಕರೆದರು. ಪೆಟ್ಟಿಗೆ ಉಸಿರು ಬಿಟ್ಟಿತು. ಮತ್ತೆ ಕರೆದರು. ಮತ್ತೆ ಉಸಿರು. "ಪೆಟಗಿ ಚಲೋ ಐತಿ," ಅಂದರು ನನ್ನ ಕಡೆ ನೋಡದೆ. "ಪೆಟಗೀದೇನೂ ತಪ್ಪಿಲ್ಲ." ಅಡಿಗೆಯವ ತಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ತಾಟಿನಲ್ಲಿ ರೊಟ್ಟಿ ಇತ್ತು, ಪುಂಡಿಪಲ್ಲೆ ಇತ್ತು. ಅದನ್ನು ಎತ್ತುವುದೋ ಬಿಡುವುದೋ ನಮಗೆ ತಿಳಿಯಲಿಲ್ಲ.

ನಾವು ಟ್ರ್ಯಾಕ್ಟರ್ ಹತ್ತಿ ಹಳ್ಳ ಮುಟ್ಟಿದಾಗ ಆಚೆ ದಂಡೆಯಲ್ಲಿ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಅಳುತ್ತಿರಲಿಲ್ಲ. ಅವರಲ್ಲಿ ಒಬ್ಬಾಕೆ ಕೈಯೆತ್ತಿ ನೀರು ಹೋಗುವ ದಿಕ್ಕನ್ನು ತೋರಿಸಿದಳು. ತೋರಿಸಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ.

ಮರುದಿನ ನೀರು ಇಳಿದ ಮೇಲೆ ಜೀಪು ಕೆಳಗಿನ ತಿರುವಿನಲ್ಲಿ ಮಗುಚಿ ಬಿದ್ದದ್ದು ಸಿಕ್ಕಿತು. ಅವನು ಇನ್ನೂ ಕೆಳಗೆ, ಒಂದು ಹೊಲದ ಬದುವಿಗೆ ಸಿಕ್ಕಿದ. ಜೀಪಿನೊಳಗೆ ಮೈಕಿನ ಸುರುಳಿ ವೈರು ಬುತ್ತಿಯ ಗಂಟಿಗೆ ಸುತ್ತಿಕೊಂಡಿತ್ತು. ಅವನು ಮೈಕನ್ನು ಸೀಟಿನ ಮೇಲೆ ಇಟ್ಟಿರಬೇಕು, ಬುತ್ತಿ ಅದರ ಮೇಲೆ ಜರುಗಿರಬೇಕು. ಇದು ನನ್ನ ಊಹೆ. ವೈರು ಸುತ್ತಿದ್ದನ್ನು ಮಾತ್ರ ನೋಡಿದ್ದೇನೆ.

ಕಾಕಾ ಹತ್ತಿಮತ್ತೂರಿಗೆ ಹೋದಾಗ ನಾನು ಜೊತೆಗಿದ್ದೆ. ಚಾಲಕನ ತಾಯಿಯ ಮುಂದೆ ಕುಳಿತು ಅವರು ನಡೆದದ್ದನ್ನೆಲ್ಲ ಹೇಳಿದರು. "ಅವ ಹೋಗ್ತೇನಿ ಅನ್ನೂ ಅರ್ಥದಾಗ ಬರ್ತೇನಿ ಅಂದನವ್ವಾ. ನಾ ಬರ್ತಾನ ಅಂತ ತಿಳದು ಬಾ ಅಂದೆ. ಅವ ಅದನ್ನ, ಕಾಕಾ ಹೋಗಿ ಬಾ ಅಂದ್ರು ಅಂತ ತಿಳಕೊಂಡ. ಎಲ್ಲಿಗೆ ಅಂತ ಕೇಳಬೇಕಂತ ನಾಲಿಗಿ ತುದೀಗೆ ಬಂದಿತ್ತು. ಹೊಂಟಾವನ್ನ ಎಲ್ಲಿಗೆ ಅಂತ ಹೆಂಗ ಕೇಳೂದು ಅಂತ ಬಿಟ್ಟೆ." ನಮ್ಮ ಕಡೆ ಅದೂ ಒಂದು ಕೆಟ್ಟ ಮಾತು. ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಕೇಳಲೇಬೇಕಾದರೆ 'ದೂರ ಹೊಂಟ್ರೇನು?' ಅನ್ನುತ್ತಾರೆ.

ಆಕೆ ನೀರು ಕೊಟ್ಟಳು. ಹೊರಡುವಾಗ ಕಾಕಾ ಬಾಗಿಲಲ್ಲಿ ನಿಂತು, "ಹೋಗ್ತೇನವ್ವಾ," ಅಂದರು. ಒಳಗೆ ಕುಳಿತಿದ್ದ ನೆರೆಯ ಹೆಂಗಸೊಬ್ಬಳು, "ಶಿವಶಿವಾ! ಸತ್ತ ಮನ್ಯಾಗ ನಿಂತು ಎಂಥಾ ಮಾತು ಆಡ್ತಾನಿಂವ!" ಎಂದು ಬೈದಳು.

ತಾಯಿ ಆಗ ಬಾಯಿ ಬಿಟ್ಟಳು. "ಇರ್ಲಿ ಬಿಡವಾ. ಬರ್ತೇನಿ ಅಂದಾಂವ ಹೋದ. ಇಂವ ಹೋಗ್ತೇನಿ ಅಂತಾನ. ಇಂವಾದ್ರೂ ಬರ್ತಾನೇನೋ."

ಕಾಕಾ ಆ ಮನೆಗೆ ಮತ್ತೆ ಹೋದರು. ಪ್ರತಿ ಶ್ರಾವಣದಲ್ಲಿ ಹೋದರು, ಆಕೆ ಇರುವತನಕ. ಬಾಗಿಲಲ್ಲಿ ಪ್ರತಿ ಸಲ 'ಹೋಗ್ತೇನಿ' ಎಂದೇ ಹೇಳಿ ಬಂದರು.

ಅಂದಿನಿಂದ ನಮ್ಮ ಸೆಟ್ಟುಗಳಲ್ಲಿ ಬರೀ 'ಬರ್ತೇನಿ' ಎನ್ನುವುದು ನಿಂತುಹೋಯಿತು. 'ಕ್ಯಾಂಪಿಗೆ ಬರ್ತೇನಿ', 'ಹಳ್ಳಾ ದಾಟಿ ಹೋಗ್ತೇನಿ' ಎಂದು ಊರು, ದಿಕ್ಕು ಹೇಳಬೇಕಿತ್ತು. ಹೇಳದಿದ್ದರೆ ಕಾಕಾ ಕೇಳುತ್ತಿದ್ದರು: "ಎಲ್ಲಿಗೆ?" ಹೇಳುವತನಕ ಬಿಡುತ್ತಿರಲಿಲ್ಲ. ಮೊದಮೊದಲು ಚಾಲಕರು ಸಿಡಿಮಿಡಿಗೊಂಡರು. ಹೊಸದಾಗಿ ಬಂದ ಒಬ್ಬ, "ಇಂವ ಎಲ್ಲಿಗೆ ಅಂದಕೂಡ್ಲೆ ನನ್ನ ಗಾಡಿ ಪಂಚರ್ ಆಕ್ಕೈತಿ. ಬಾಯಾಗ ಮೊಳಿ ಐತಿ ನೋಡ ಇಂವಂಗ!" ಎಂದು ಎಲ್ಲರ ಮುಂದೆ ಹಂಗಿಸಿದ. ಅಡಿಗೆಯವ ಅವನ ಕೈಯಲ್ಲಿದ್ದ ಚಹಾದ ಬಟ್ಟಲು ಕಸಿದುಕೊಂಡ. ಕಾಕಾ ಮಾತ್ರ ಬೇಸರಿಸಲಿಲ್ಲ. "ಪಂಚರ್ ಆದ್ರ ಆಗ್ಲಿ. ಎಲ್ಲಿ ಆಗೇತಿ ಅಂತ ನನಗ ಗೊತ್ತಿರತೈತಿ," ಅಂದರು.

ಸೆಟ್ಟಿನಲ್ಲಿ ಸುರುವಾದದ್ದು ಅವರ ಇಡೀ ಬಾಳಿಗೆ ಹಬ್ಬಿತು. ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಸ್ವಂತ ಮಗಳು ಗಂಡನ ಮನೆಗೆ ಹೊರಟಾಗ ಕೂಡ 'ಎಲ್ಲಿಗೆ?' ಎಂದು ಕೇಳುತ್ತಿದ್ದರು. ಜನ ಅವರನ್ನು ಅಪಶಕುನದ ಮನುಷ್ಯ ಅಂದರು. ಕೆಲವರು ಹೊರಡುವಾಗ ಅವರ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿಂದ ಹೋಗುತ್ತಿದ್ದರು. ಅವರು ಯಾರಿಗೂ ಕಾರಣ ಹೇಳಿಕೊಳ್ಳಲಿಲ್ಲ. ಇದನ್ನು ನಾನು ಬರೆಯುತ್ತಿರುವುದು ಅದಕ್ಕೇ.

ಗೋಪುರಗಳ ಸಾಲು ಮುಗಿದ ಮೇಲೆ ಅವರು ತಮ್ಮ ಊರಾದ ಹಿರೇಕೆರೂರಿಗೆ ಹೋಗಿ ರೇಡಿಯೋ ರಿಪೇರಿ ಅಂಗಡಿ ಇಟ್ಟರು. ಅವರಿಗೆ ಹುಷಾರಿಲ್ಲ ಎಂದು ಕೇಳಿ ಹೋದಾಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಾತು ಬಿದ್ದುಹೋಗಿತ್ತು. ಕಣ್ಣಿನಲ್ಲಿ ಗುರುತಿತ್ತು. ನಾನು ಎದ್ದು, "ಹೋಗ್ತೇನಿ ಕಾಕಾ," ಅಂದೆ. ಹೊದಿಕೆಯ ಮೇಲಿದ್ದ ಹೆಬ್ಬೆರಳು ಬಟ್ಟೆಯನ್ನು ಒತ್ತಿತು, ಬಿಟ್ಟಿತು. ಒತ್ತಿದಾಗ ಬಾಯಿ, ಬಿಟ್ಟಾಗ ಕಿವಿ. ಅವರು ಕೇಳಿದ್ದು ಏನೆಂದು ನನಗೆ ತಿಳಿಯಿತು.

"ಹಾನಗಲ್ಲಿಗೆ, ಕಾಕಾ. ಮನೀಗೆ. ಸಂಜೀ ಬಸ್ಸಿಗೆ," ಅಂದೆ. ಅವರು ಕಣ್ಣು ಮುಚ್ಚಿದರು. ಅದೇ ವಾರ ತೀರಿಕೊಂಡರು.

ಆ ಮಧ್ಯಾಹ್ನ ಗೋದಾಮಿನಲ್ಲಿದ್ದವರು ಮೂವರು. ಕಾಕಾ ಇಲ್ಲ. ನಾನಿದ್ದೇನೆ. ಅಡಿಗೆಯವ ಸವಣೂರಿನಲ್ಲಿ ಖಾನಾವಳಿ ನಡೆಸುತ್ತಾನೆ. ಆ ತಾಟಿನ ಸುದ್ದಿ ತೆಗೆದರೆ ಒಳಗೆ ಎದ್ದು ಹೋಗುತ್ತಾನೆ. ಹಳ್ಳದ ಆಚೆ ನಿಂತು ಕಣ್ಣಾರೆ ಕಂಡವರಲ್ಲಿ ಈಗ ಉಳಿದವಳು, ಕೈಯೆತ್ತಿ ದಿಕ್ಕು ತೋರಿಸಿದ ಆ ಒಬ್ಬಾಕೆ. ತಡಸದಲ್ಲಿ ಮಗನ ಮನೆಯಲ್ಲಿದ್ದಾಳೆ, ಮುದುಕಿಯಾಗಿದ್ದಾಳೆ, ನೆನಪು ಗಟ್ಟಿಯಾಗಿದೆ. ನಾನು ಬರೆದದ್ದರಲ್ಲಿ ಸಂಶಯವಿದ್ದವರು ಆಕೆಯನ್ನು ಕೇಳಬಹುದು, ಹೇಳುತ್ತಾಳೆ. ನೀವು ಹೊರಟು ನಿಂತಾಗ ಆಕೆಯೂ ಕಾಕಾ ಅವರಂತೆ ನಿಮ್ಮನ್ನು 'ಎಲ್ಲಿಗೆ?' ಎಂದು ಕೇಳುತ್ತಾಳೆ. ಕೆಟ್ಟದೆಂದು ತಿಳಿಯದೆ, ಎಲ್ಲಿಗೆಂದು ಹೇಳಿ ಹೋಗಿ.