ವೋಡ್ಕಾ ಬಾಟಲಿಯ ಮೇಲಿನ ಗೀಟುಗಳು

ನಮ್ಮ ಮನೆಯಲ್ಲಿ ಐದು ದಿನ ಒಂದು ದೆವ್ವವಿತ್ತು. ಅದು ಆಲೂಗಡ್ಡೆಯ ವೋಡ್ಕಾ ಕುಡಿಯುತ್ತಿತ್ತು. ಹೀಗೆಂದರೆ ನೀವು ನಗುತ್ತೀರಿ. ಆ ಐದು ದಿನ ನಾನು ನಗಲಿಲ್ಲ.

ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತನಾದ ಮೇಲೆ ರಾಯಚೂರಿನಲ್ಲಿ ನೆಲೆಸಿದವನು ನಾನು. ನಾಲ್ಕೂವರೆಗೆ ಏಳುತ್ತೇನೆ. ಹಾಸಿಗೆ ಮಡಚಿ, ಹಕ್ಕಿಗಳಿಗೆ ನೀರಿಟ್ಟು, ಅಂಗಳ ಗುಡಿಸಿ, ಐದಕ್ಕೆ ಸ್ನಾನ. ಅಲ್ಲಿಯವರೆಗೆ ಮೌನ. ದೀಪವನ್ನೂ ಹಾಕುವುದಿಲ್ಲ, ಎಲ್ಲ ವಸ್ತು ತನ್ನ ಜಾಗದಲ್ಲಿದ್ದರೆ ದೀಪವೇಕೆ ಎಂಬುದು ನನ್ನ ವಾದ.

ಬಾಟಲಿ ತಂದವನು ಹಳೆಯ ಶಿಷ್ಯ. ಗೋವಾದ ಒಂದು ಶೆಡ್ಡಿನಲ್ಲಿ ಬೆಳಗಾವಿಯ ಆಲೂಗಡ್ಡೆ ಬೇಯಿಸಿ, ಕಿವುಚಿ, ಹುಳಿಬರಿಸಿ, ತಾಮ್ರದ ಹಂಡೆಯಲ್ಲಿ ಕಾಸಿ, ಒಂದು ಸಲಕ್ಕೆ ಕೆಲವೇ ಬಾಟಲಿ ಇಳಿಸುತ್ತಾನಂತೆ. ಮೊದಲು ಹನಿಯುವುದು ವಿಷ, ಅದನ್ನು ಚೆಲ್ಲಬೇಕಂತೆ. ಬಟ್ಟಿ ಇಳಿಸುವ ಪಾಠ ಮಾಡಿದವನು ನಾನೇ ಆದ್ದರಿಂದ ಇದು ಗುರುಕಾಣಿಕೆ. ಜೀವಮಾನದಲ್ಲಿ ಕಳ್ಳು ಮುಟ್ಟದವನಿಗೆ ಇಂಥ ಕಾಣಿಕೆ! ಅವನು ಮುಚ್ಚಳ ತೆರೆದು ವಾಸನೆ ನೋಡಿರೆಂದ. ಕೊರೋನಾ ಜ್ವರದ ಮೇಲೆ ನನ್ನ ಮೂಗು ಕೆಲಸ ಬಿಟ್ಟಿದೆ. ಆದರೂ ಭೇಷ್ ಎಂದೆ. ಬೆಳಕಿಗೆ ಹಿಡಿದರೆ ಮಣ್ಣಿಲ್ಲ, ಸಿಪ್ಪೆಯಿಲ್ಲ, ಬಣ್ಣವಿಲ್ಲ. ಪಲ್ಯದಲ್ಲಿ ಅಷ್ಟು ಗಟ್ಟಿಯಾಗಿ ಕೂರುವ ಆಲೂಗಡ್ಡೆ ಸತ್ತು ಪ್ರೇತವಾದರೆ ಹೀಗಿರಬಹುದು ಅನ್ನಿಸಿತು.

ಅಡುಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ, ನೀರಿನ ಬಾಟಲಿಯ ಜೊತೆಗೆ ಅದನ್ನಿಟ್ಟೆ. ಪ್ರಯೋಗಶಾಲೆಯ ಅಭ್ಯಾಸದಂತೆ, ದ್ರವ ಎಲ್ಲಿಯವರೆಗಿದೆ ಎಂದು ಲೇಬಲ್ಲಿನ ಮೇಲೆ ಪೆನ್ಸಿಲ್ಲಿನಲ್ಲಿ ಗೀಟೆಳೆದೆ.

ಮರುದಿನ ತಮ್ಮ ಶರಣಪ್ಪ ಬಂದ. ಕಣ್ಣಿನ ಪೊರೆಯ ಆಪರೇಷನ್ ರಾಯಚೂರಿನಲ್ಲೇ ಆಗಿ, ಹದಿನೈದು ದಿನ ನಮ್ಮಲ್ಲಿರಬೇಕಿತ್ತು. ಹೊತ್ತಿಗೆ ಸರಿಯಾಗಿ ಅವನ ಕಣ್ಣಿಗೆ ಹನಿ ಹಾಕುವವನು ನಾನು. ಶರಣಪ್ಪ ಒಂದು ಕಾಲಕ್ಕೆ ಕುಡಿದು ಮನೆ ಮುರಿದುಕೊಂಡವನು. ಇನ್ನೊಂದು ಹನಿ ಮುಟ್ಟಿದರೆ ಮತ್ತೆ ತವರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದು ಹೇಳಿಯೇ, ತವರು ಸೇರಿದ್ದ ಅವನ ಹೆಂಡತಿ ದೇವದುರ್ಗದ ಗಂಡನ ಮನೆಗೆ ಮರಳಿದ್ದಳು. ಎಂಟು ವರ್ಷ ಅವನು ಮಾತು ಉಳಿಸಿಕೊಂಡಿದ್ದ.

ಅವನು ಬಂದ ಮರುದಿನ ಸಂಜೆ ಬಾಟಲಿ ತೆಗೆದು ನೋಡಿದರೆ ವೋಡ್ಕಾ ಗೀಟಿಗಿಂತ ಒಂದು ಬೆರಳು ಕೆಳಗಿತ್ತು. ಇನ್ನೊಂದು ಗೀಟೆಳೆದೆ. ಮರುದಿನ ಮತ್ತೊಂದು ಬೆರಳು. ಹೆಚ್ಚಿಲ್ಲ, ಕಡಿಮೆಯಿಲ್ಲ, ಅಳೆದಂತೆ.

ಜೊತೆಗೆ ಕಾಗೆಗಳು. ಹಿತ್ತಲ ಗೋಡೆಯ ಮೇಲಿನ ತಟ್ಟೆಯಲ್ಲಿ ನೀರು ಕುಡಿದು ಹಾರಿಹೋಗುವಂಥವು ಈಗ ಹಾರುತ್ತಿರಲಿಲ್ಲ. ಕತ್ತು ಓರೆ ಮಾಡಿ, ಒಂದು ರೆಕ್ಕೆ ಇಳಿಬಿಟ್ಟು, ಬಿಸಿಲೇರಿದರೂ ನನ್ನನ್ನೇ ನೋಡುತ್ತಿದ್ದವು. ಚಪ್ಪಾಳೆ ತಟ್ಟಿದರೆ ರೆಪ್ಪೆಯನ್ನು ನಿಧಾನಕ್ಕೆ ಮುಚ್ಚಿ ತೆರೆಯುತ್ತಿದ್ದವು. "ಹಿರ್ಯಾರು ಬಂದಾರ್ರೀ," ಎಂದಳು ನನ್ನ ಹೆಂಡತಿ ನಾಗಮ್ಮ. "ಏನೋ ಹೇಳಾಕತ್ತಾರ." ವಿಜ್ಞಾನದ ಮೇಷ್ಟ್ರು ನಾನು. ಆದರೂ ಮತ್ತೆ ಚಪ್ಪಾಳೆ ತಟ್ಟಲಿಲ್ಲ.

ಶರಣಪ್ಪ ಬಂದ ನಾಲ್ಕನೆಯ ಸಂಜೆ ಅವನನ್ನು ಕೇಳಿಯೇಬಿಟ್ಟೆ. ಅವನು ಕಪ್ಪು ಕನ್ನಡಕ ತೆಗೆದು, ಕೆಂಪಾದ ಕಣ್ಣನ್ನು ನನ್ನತ್ತ ತಿರುಗಿಸಿದ.

"ನಾ ಕುಡದಿಲ್ಲಣ್ಣಾ. ಆದ್ರ ದಿನಾ ನಸಿಕಿನ್ಯಾಗ ಯಾರೋ ಬರ್ತಾರ. ಗೂಡಿನ್ಯಾಗಿಂದ ಬಾಟ್ಲಿ ತಗೊಂಡು ಹಿತ್ಲಕ್ಕ ಹೋಗ್ತಾರ. ಹನ್ನೊಂದು ಹೆಜ್ಜಿ. ದಿನಾ ಅಷ್ಟ. ನಾ ಎಣಿಸೀನಿ."

"ನನ್ನ ಹೆಜ್ಜಿ ಸಪ್ಪಳಾನ ಕೇಳೀಯೇನು ಮತ್ತ?"

"ನೀನಾಗಿದ್ರ ಬಾಯಿ ಸುಮ್ಕ ಇರತಿತ್ತಾ? ಅದು ಕೆಮ್ಮಂಗೂ ಇಲ್ಲ."

ಕುಡುಕರ ಕಥೆ ಎಂದು ಗದರಿಸಿ, ನಾಳೆ ಬೆಳಗ್ಗೆ ದೇವದುರ್ಗಕ್ಕೆ ಫೋನ್ ಮಾಡಿ ನಿನ್ನ ಹೆಂಡತಿಗೆ ತಿಳಿಸುತ್ತೇನೆ ಎಂದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಮರುದಿನ ಎಂದಿನಂತೆ ಎದ್ದು, ಎಂದಿನಂತೆ ಕತ್ತಲಲ್ಲೇ ಹಿತ್ತಲ ಗೋಡೆಯವರೆಗೆ ಹೋಗಿದ್ದೆ. ಹಿಂದೆ ಯಾರೋ ಮೆಲ್ಲಗೆ ಎಣಿಸುತ್ತಿದ್ದರು. "ಒಂಬತ್ತು. ಹತ್ತು. ಹನ್ನೊಂದು." ಆಗ ದೀಪ ಹತ್ತಿತು.

ಬಾಗಿಲಲ್ಲಿ ಶರಣಪ್ಪ ನಿಂತಿದ್ದ. ಹಕ್ಕಿಗಳ ತಟ್ಟೆಗೆ ಬಾಗಿದ್ದ ನನ್ನ ಕೈಯಲ್ಲಿ, ನಾಲ್ಕು ಗೀಟಿನ ಬಾಟಲಿಯಿತ್ತು.

"ಅಣ್ಣಾ," ಎಂದ, ಬಹಳ ಸಣ್ಣ ದನಿಯಲ್ಲಿ, "ನೀನ ಏನು?"

ಆಮೇಲೆ ತಿಳಿಯಿತು: ಮಂದಗಣ್ಣಿನ ಶರಣಪ್ಪನ ಕೈಗೆ ಮೊದಲು ನೀರೇ ಸಿಗಲೆಂದು ನಾಗಮ್ಮ ಅವನು ಬಂದ ದಿನವೇ ಬಾಟಲಿಗಳ ಜಾಗ ಅದಲುಬದಲು ಮಾಡಿಟ್ಟಿದ್ದಳು. ಹಗಲಲ್ಲಿ ನಾನು ಲೇಬಲ್ ನೋಡಿ ತೆಗೆಯುತ್ತಿದ್ದೆ. ಕತ್ತಲಲ್ಲಿ ನೀರಿನ ಬಾಟಲಿಯ ಹಳೆಯ ಜಾಗದಿಂದ ಕೈ ತಾನೇ ತೆಗೆಯುತ್ತಿತ್ತು, ನನ್ನನ್ನು ಕೇಳದೆ.

ದೆವ್ವಗಳ ಬಗ್ಗೆ ಹಿರಿಯರು ಹೇಳುವುದನ್ನು ನೆನೆಸಿಕೊಳ್ಳಿ: ಅದೇ ಹೊತ್ತಿಗೆ ಬರುತ್ತವೆ, ಅದೇ ದಾರಿ ಹಿಡಿಯುತ್ತವೆ, ಮಾತಾಡುವುದಿಲ್ಲ, ಎದುರಿಗಿರುವವರನ್ನು ನೋಡುವುದಿಲ್ಲ. ಇದು ನನ್ನ ದಿನಚರಿಯೇ. ವ್ಯತ್ಯಾಸವೆಂದರೆ ನಾನು ಪೆನ್ಷನ್ ತೆಗೆದುಕೊಳ್ಳುತ್ತೇನೆ.

ದೇವದುರ್ಗಕ್ಕೆ ಫೋನ್ ಮಾಡಿದೆ, ಮಾಡುತ್ತೇನೆಂದಿದ್ದೆನಲ್ಲ. ತಮ್ಮನ ಹೆಂಡತಿಗೆ ನಡೆದದ್ದೆಲ್ಲ ಹೇಳಿ, ಅವನ ಮೇಲೆ ಅನುಮಾನಪಟ್ಟದ್ದನ್ನೂ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, "ಭಾವಾರ, ಅವರ್ನ ಮನಿಗೆ ಕಳಸ್ರಿ. ಹನಿ ನಾ ಹಾಕ್ತೀನಿ," ಎಂದಳು.

ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸಿಗೆ ಅವನನ್ನು ಹತ್ತಿಸಿದೆ. ಯಾವ ಹೊತ್ತಿಗೆ ಯಾವ ಹನಿ ಎಂದು ದುಂಡಗೆ ಬರೆದ ಚೀಟಿಯನ್ನು ಕೈಗಿಟ್ಟೆ. ಶರಣಪ್ಪ ಅದನ್ನು ಮಡಚಿ ಮರ್ಯಾದೆಯಿಂದ ಜೇಬಿಗಿಟ್ಟುಕೊಂಡ.

"ಅಕಿ ಗಡಿಯಾರ ನೋಡಂಗಿಲ್ಲಣ್ಣಾ," ಎಂದ ಕಿಟಕಿಯಿಂದ. "ನನ್ ಮಾರಿ ನೋಡ್ತಾಳ."