ಶಾಂತವ್ವನ ಎದುರು ಅಂದ ಆಮೆನ್

ಕಣ್ಣು ತೆರೆದಾಗ ಸೊಂಟದಿಂದ ಕೆಳಗೆ ನನ್ನದೇನೂ ಇಲ್ಲ ಅನ್ನಿಸಿತು. ಕಾಲು ಎತ್ತಲು ಹೋದೆ. ಏಳಲಿಲ್ಲ. ಮಿರಜದ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದೆ.

"ಪೆಲ್ವಿಸ್ ಫ್ರ್ಯಾಕ್ಚರ್ ಆಗಿತ್ರಿ. ಆಪರೇಷನ್ ಮಾಡೇವಿ. ನಡೀತೀರಿ, ಆದ್ರ ಟೈಮ್ ಹಿಡೀತೈತಿ," ಅಂದರು ಡಾಕ್ಟರು.

"ಟೆಂಪೊದಾಗಿನ ಬಾಕಿ ಮಂದಿ?" ಎಂದು ಗಂಡನನ್ನು ಕೇಳಿದೆ. ಅವರು ಸಲೈನ್ ಬಾಟಲಿಯನ್ನೇ ನೋಡುತ್ತ ನಿಂತರು.

ಬದುಕಿದವಳು ನಾನೊಬ್ಬಳೇ.

ಸದಲಗಾದಿಂದ ನಿಪ್ಪಾಣಿಗೆ ದಿನವೂ ಒಂದೇ ಟೆಂಪೊದಲ್ಲಿ ಹೋಗುತ್ತಿದ್ದೆವು. ನಾನು ಪಾಠ ಹೇಳಲು ಶಾಲೆಗೆ, ಬೇರೆ ಹೆಂಗಸರು ತಂಬಾಕಿನ ವಖಾರಿಗೆ, ಗೋದಾಮಿನ ಕೂಲಿಗೆ. ಆ ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರ್ ಎದುರು ಬಂತು. ಸತ್ತವರಲ್ಲಿ ಪಕ್ಕದ ಮನೆಯ ಶಾಂತವ್ವನ ಒಬ್ಬಳೇ ಮಗಳು ರೇಖಾ ಇದ್ದಳು. "ಅಕ್ಕಾರ, ಸರೀರಿ ಒಂಚೂರು" ಎಂದು ನನ್ನ ಮಗ್ಗುಲಿಗೇ ತುರುಕಿಕೊಂಡು ಕೂಡುವ ಹುಡುಗಿ. ಅವಳ ಸೀರೆಯ ತಂಬಾಕಿನ ಘಾಟಿಗೆ ನಾನು ಸೀನಿದರೆ ಬಿದ್ದು ಬಿದ್ದು ನಗುತ್ತಿದ್ದಳು.

ಸುದ್ದಿ ಕೇಳಿದ ಕೂಡಲೇ ನಮ್ಮ ಚರ್ಚಿನವರೆಲ್ಲ ಸೇರಿ ಉಪವಾಸ ಪ್ರಾರ್ಥನೆಗೆ ಕೂತಿದ್ದರಂತೆ. ನನ್ನ ಹೆಸರು ಹಿಡಿದು ಅತ್ತಿದ್ದರಂತೆ. ಕೇಳಿ ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ. ಬೇರೆಯವರ ಹೆಸರು ಯಾರಾದರೂ ಎತ್ತಿದರೇ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ.

ಮನೆಗೆ ಬಂದ ಮೇಲೆ ಪಾಸ್ಟರ್ ನಮ್ಮ ಮನೆಯಲ್ಲೇ, ನಾನು ಉಳಿದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳುವ ಸ್ತೋತ್ರದ ಪ್ರಾರ್ಥನೆ ಇಟ್ಟರು. ಪಡಸಾಲೆ ತುಂಬ ಜನ, ನಾನು ಮಂಚದ ಮೇಲೆ. ಶಾಂತವ್ವ ನನಗೆಂದು ಗಂಜಿ ತಂದು ಬಾಗಿಲ ಬಳಿ ಕೂತದ್ದು ನನಗೆ ಕಂಡಿತು. ಕಣ್ಣು ಮುಚ್ಚಿದ್ದ ಪಾಸ್ಟರ್‌ಗೆ ಕಾಣಲಿಲ್ಲ.

"ಕರ್ತನೇ, ಅಷ್ಟು ಜನರ ನಡುವಿನಿಂದ ನಿನ್ನ ಮಗಳನ್ನು ಆರಿಸಿ ಉಳಿಸಿದಿಯಲ್ಲಾ, ನಿನಗೆ ಸ್ತೋತ್ರ!" ಎಂದರು. ಎಲ್ಲರೂ ಆಮೆನ್ ಎಂದರು.

ನಾನೂ ಅಂದೆ.

ಚಿಕ್ಕಂದಿನಿಂದ ಬಾಯಿಗೆ ಹತ್ತಿದ ರೂಢಿ. ಪ್ರಾರ್ಥನೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಆಮೆನ್ ತಾನಾಗಿ ಹೊರಬೀಳುತ್ತದೆ, ಯಾವ ಮಾತಿಗೆ ಹೂಂಗುಟ್ಟಿದೆ ಎಂದು ತಿಳಿಯುವುದು ಆಮೇಲೆ. ತಿರುಗಿ ನೋಡಿದರೆ ಗಂಜಿಯ ಪಾತ್ರೆ ಹೊಸ್ತಿಲ ಮೇಲಿತ್ತು, ಶಾಂತವ್ವ ಇರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮತ್ತೆ ಅವಳು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ರಾತ್ರಿ ಎಷ್ಟೊತ್ತಿಗೆ ಎಚ್ಚರಾದರೂ ಅವಳ ಮನೆಯ ದೀಪ ಉರಿಯುತ್ತಲೇ ಇರುತ್ತಿತ್ತು. ಫಿಜಿಯೋಥೆರಪಿಯಲ್ಲಿ ಕಾಲು ಮಡಚಿದಾಗ ಜೀವ ಹೋದಂತಾಗುತ್ತಿತ್ತು. ಆಗಲಿ, ನನಗೆ ಇದೇ ಆಗಬೇಕು ಎಂದು ಹಲ್ಲು ಕಚ್ಚುತ್ತಿದ್ದೆ.

ವಾಕರ್ ಹಿಡಿದು ಚರ್ಚಿಗೆ ಹೋದ ಮೊದಲ ಭಾನುವಾರ ಪಾಸ್ಟರ್ ನನ್ನನ್ನು ಸಾಕ್ಷಿ ಹೇಳಲು ಕರೆದರು. ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದು ನಮ್ಮಲ್ಲಿ ಪದ್ಧತಿ. ಎದ್ದು ನಿಂತೆ. ಅವರು ಕಾದಿದ್ದ ಮಾತು ಬಾಯಿಗೆ ಬರಲೇ ಇಲ್ಲ.

"ರೇಖಾನ ಸಲುವಾಗಿ ಪ್ರಾರ್ಥನಾ ಮಾಡ್ರಿ," ಅಂದೆ.

"ತೀರಿಹೋದವರ ಸಲುವಾಗಿ ಮಾಡೂ ಪದ್ಧತಿ ನಮ್ಮಲ್ಲಿಲ್ರೀ, ಸಿಸ್ಟರ್," ಅಂದರು ಪಾಸ್ಟರ್ ಮೆಲ್ಲಗೆ.

ಸಿಟ್ಟು ನೆತ್ತಿಗೇರಿತು. "ಹಂಗಾದ್ರ ಅವರವ್ವ ಶಾಂತವ್ವನ ಸಲುವಾಗಿ ಮಾಡ್ರಿ. ಆಕಿ ಇನ್ನೂ ಜೀವಂತ ಅದಾಳ!"

ಅವರ ಮುಖ ಸಣ್ಣದಾಯಿತು. ಮೊಣಕಾಲೂರಿದರು, ಸಭೆಯೂ ಊರಿತು.

ಸಂಜೆ ಒಬ್ಬಳೇ ಶಾಂತವ್ವನ ಮನೆಗೆ ಹೋದೆ. ಜೋಳ ಹಸನು ಮಾಡುತ್ತಿದ್ದಳು.

"ಅವತ್ತ ನಾ ಆಮೆನ್ ಅನಬಾರದಿತ್ತ ಶಾಂತವ್ವ. ತಪ್ಪಾತು."

"ನಿಮ್ಮ ಮಂದಿಗೆ ನನ್ನ ಮಗಳ ಹೆಸರ ಗೊತ್ತಿರಲಿಲ್ಲೇನ್ರಿ, ಅಕ್ಕಾರ?"

"ನನಗ ಗೊತ್ತಿತ್ತು," ಅಂದೆ. ಅಳು ತಡೆಯಲಾಗಲಿಲ್ಲ.

ಅವಳು ಮತ್ತೆ ಮೊರ ಎತ್ತಿ ಜೋಳ ಕೇರತೊಡಗಿದಳು. "ಇವತ್ತ ನಿನ್ನ ಹೆಸರ ಹೇಳಿ ಬೇಡಿಕೊಂಡೇವಿ," ಅಂದೆ ಕೊನೆಗೆ.

"ಏನಂತ?"

"ನಿನಗ ನಿದ್ದಿ ಹತ್ಲಿ ಅಂತ."

ಮೊರದ ಮೇಲಿನ ಕೈ ನಿಂತಿತು. "ಬೇಡ್ಕೋರಿ. ನಿದ್ದಿ ಹತ್ತಿದ್ರ ಕನಸಿನಾಗರ ಬಂದಾಳು."

ನಾನು ಬದುಕಿದ್ದಕ್ಕೆ ಸ್ತೋತ್ರ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಅವಳ ನಿದ್ದೆಯನ್ನು ಮಾತ್ರ ದಿನವೂ ಬೇಡುತ್ತೇನೆ. ಮೊನ್ನೆ ಹೊತ್ತೇರಿದರೂ ಅವಳ ಬಾಗಿಲು ತೆರೆದಿರಲಿಲ್ಲ. ಹೆದರಿ ಅವಳ ಅಂಗಳಕ್ಕೆ ಹೋದೆ. ಕಿಟಕಿಗೆ ಕಿವಿಗೊಟ್ಟೆ, ಒಳಗಿನಿಂದ ಗೊರಕೆ ಕೇಳಿತು. ಸದ್ದಾಗದಂತೆ ವಾಕರನ್ನು ಎತ್ತೆತ್ತಿ ಇಡುತ್ತ ಅವಳ ಅಂಗಳ ದಾಟಿ ಬಂದೆ.