ಬೀದಿಯ ನಡುವೆ ನಡೆಯುತ್ತಿದ್ದ ರುದ್ರಮ್ಮ

ರುದ್ರಮ್ಮನವರು ಬೀದಿಯ ಅಂಚಿನಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಗುಬ್ಬಿಯ ಹಳೇ ಪೇಟೆ ಬೀದಿಯ ನಟ್ಟನಡುವೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಯೆತ್ತಿ ಎರಡೂ ಕಡೆಯ ಮನೆಗಳನ್ನು ನೋಡುತ್ತಾ ಬರುತ್ತಿದ್ದರು. ಸೈಕಲ್ಲಿನವರು ಬೆಲ್ ಹೊಡೆದರೆ ಹೊಡೆದುಕೊಳ್ಳಲಿ, ಅವರೇ ಸುತ್ತಿಕೊಂಡು ಹೋಗಬೇಕಿತ್ತು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, “ಸೈಡಲ್ಲಿ ನಡುದ್ರೆ ಒಂದೊಂದೇ ಬಾಗ್ಲು ಕಾಣ್ತದೆ ಕಣಮ್ಮ. ಮಧ್ಯದಲ್ಲಿ ನಡುದ್ರೆ ಬೀದಿ ಕಾಣ್ತದೆ” ಎಂದಿದ್ದರು.

ತೊಂಬತ್ತರ ದಶಕದಲ್ಲಿ ಹೈಸ್ಕೂಲು ಟೀಚರಾಗಿ ಗುಬ್ಬಿಗೆ ಬಂದ ನಾನು ಅವರ ಎದುರು ಮನೆಯಲ್ಲಿ ಬಾಡಿಗೆಗಿದ್ದೆ. ಆ ಬೀದಿಯ ಹೆಂಚಿನ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿದ್ದವು. ಪ್ರತಿ ಮನೆಯ ಮುಂದೆ ಮರದ ಕಂಬಗಳ ಜಗಲಿ. ಸಂಜೆಯಾದರೆ ರುದ್ರಮ್ಮ ತಮ್ಮ ಜಗಲಿ ಬಿಟ್ಟು ಬೇರೆ ಯಾರದಾದರೂ ಜಗಲಿಯಲ್ಲಿ ಕೂತು ಅವರಿಗೆ ಅವರೆಕಾಯಿ ಬಿಡಿಸಿಕೊಡುತ್ತಿದ್ದರು. ಬೀದಿಯ ಅತ್ತೆ ಸೊಸೆಯರ ಜಗಳಗಳೆಲ್ಲ ಅಲ್ಲೇ ತೀರ್ಮಾನವಾಗುತ್ತಿದ್ದವು.

ಪಟ್ಟಣ ಪಂಚಾಯಿತಿಯ ಆ ವಾರ್ಡು ಮಹಿಳೆಯರಿಗೆ ಮೀಸಲಾದಾಗ, ಕೊಬ್ಬರಿ ವ್ಯಾಪಾರದ ಅವರ ಯಜಮಾನರು ಹೆಂಡತಿಯ ಹೆಸರಿನಲ್ಲಿ ತಾವೇ ಮೆಂಬರಾಗಬಹುದೆಂದುಕೊಂಡು ಅವರನ್ನು ನಿಲ್ಲಿಸಿ ಗೆಲ್ಲಿಸಿದರಂತೆ. ಮೊದಲ ಮೀಟಿಂಗಿಗೆ ಜೊತೆಯಲ್ಲೇ ಹೋದ ಗಂಡನನ್ನು ರುದ್ರಮ್ಮ ಬಾಗಿಲಲ್ಲಿ ತಡೆದು, ಆಚೆ ಬೆಂಚಿನ ಮೇಲೆ ಕೂತಿರಿ, ಮುಗಿದ ಮೇಲೆ ಒಟ್ಟಿಗೆ ಮನೆಗೆ ಹೋಗೋಣ ಎಂದರಂತೆ. ಇದನ್ನು ನನಗೆ ಹೇಳಿದವರು ಆ ಯಜಮಾನರೇ. ಹೇಳುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅದೇ ಹೊತ್ತಿಗೆ ಮೂಲೆಮನೆಯನ್ನು ಕೊಂಡವರು ಅದನ್ನು ಕೆಡವಿ, ಜಗಲಿಯ ಜಾಗವನ್ನೂ ಸೇರಿಸಿಕೊಂಡು, ಚರಂಡಿಯ ತನಕ ಮೂರಂತಸ್ತು ಎಬ್ಬಿಸಿದರು. ಪಕ್ಕದ ಪುಟ್ಟಮ್ಮಜ್ಜಿಯ ತೊಟ್ಟಿಮನೆಗೆ ಬಿಸಿಲು ಬೀಳುವುದು ನಿಂತಿತು. ಸಂಡಿಗೆ ಒಣಗಿಸಲು ಅಜ್ಜಿ ಮೊರ ಹಿಡಿದು ನಮ್ಮ ಜಗಲಿಗೆ ಬಂದ ದಿನ ರುದ್ರಮ್ಮನವರಿಗೆ ಊಟ ಸೇರಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಅವರು ಒಂದು ಕಟ್ಟಳೆ ಕೇಳಿದರು. ಆ ಬೀದಿಯಲ್ಲಿ ಹೊಸದಾಗಿ ಯಾರೇ ಕಟ್ಟಲಿ, ಮುಂದೆ ಜಗಲಿ ಉಳಿಯಬೇಕು, ಮೇಲೆ ಒಂದೇ ಅಂತಸ್ತು, ಬೀದಿಯ ಕಡೆಗೆ ಹೆಂಚಿನ ಮಾಡು. ಇಷ್ಟಕ್ಕೆ ಒಪ್ಪಿದರೆ ಮಾತ್ರ ಲೈಸೆನ್ಸು. ಉಳಿದ ಮೆಂಬರುಗಳು ನಕ್ಕರು; ಊರು ಮುಂದುವರಿಯೋದು ಬೇಡವೇ ಎಂದು ಕೇಳಿದರು. ರುದ್ರಮ್ಮ ವಾದಕ್ಕೆ ಇಳಿಯಲಿಲ್ಲ. ಒಬ್ಬೊಬ್ಬರನ್ನೇ ಕಾಫಿಗೆ ಕರೆದು, ಬೀದಿಯ ನಡುವೆ ತಮ್ಮ ಜೊತೆ ನಡೆಸಿಕೊಂಡು ಹೋಗಿ, ಪುಟ್ಟಮ್ಮಜ್ಜಿಯ ಕತ್ತಲುಗಟ್ಟಿದ ತೊಟ್ಟಿಯಲ್ಲಿ ಕೂರಿಸಿ ಅಲ್ಲೇ ಕಾಫಿ ಕೊಡಿಸಿದರು. ವರ್ಷ ಕಳೆಯುವುದರೊಳಗೆ ಠರಾವು ಪಾಸಾಯಿತು.

ಆ ಕಟ್ಟಳೆಯ ನಂತರ ಪಂಚಾಯಿತಿಗೆ ಬಂದ ಮೊದಲ ಪ್ಲಾನು ಅವರ ಸ್ವಂತ ಮೈದುನ ಶಿವಣ್ಣನವರದು. ಭಾಗವಾದಾಗ ಪಕ್ಕದ ಅರ್ಧ ಮನೆ ಅವರ ಪಾಲಿಗೆ ಬಂದಿತ್ತು. ಕೆಳಗೆ ಅಂಗಡಿಗಳು, ಮೇಲೆ ಎರಡಂತಸ್ತು ಬಾಡಿಗೆ ಮನೆಗಳು. ಹೆಣ್ಣುಮಕ್ಕಳ ಓದು, ಮದುವೆ ಎಲ್ಲ ಆ ಬಾಡಿಗೆಯಲ್ಲೇ ಆಗಬೇಕೆಂಬುದು ಅವರ ಬಹುದಿನದ ಆಸೆ. ಒಂದು ಸಂಜೆ ಬಂದು ಅತ್ತಿಗೆಯ ಎದುರು ಜಗಲಿಯಲ್ಲಿ ಕೂತರು. ನಾನೂ ಅಲ್ಲಿದ್ದೆ.

“ಅತ್ತಿಗೆ, ನೀವೊಂದ್ ಮಾತು ಹೇಳುದ್ರೆ ಸಾಕು, ಆಗೋಯ್ತದೆ.”

“ಆಗೋಯ್ತದೆ ಅಂತ ಗೊತ್ತು ಕಣಪ್ಪ. ಅದ್ಕೇ ಹೇಳಕ್ಕಾಗಲ್ಲ” ಎಂದರು ರುದ್ರಮ್ಮ.

“ನಾನೇನು ಹೊರಗಿನೋನಾ?”

“ಹೊರಗಿನೋನಾಗಿದ್ರೆ ನಂಗಿಷ್ಟು ಕಷ್ಟ ಆಗ್ತಿರ್ಲಿಲ್ಲ ಶಿವಣ್ಣ.”

ಶಿವಣ್ಣನವರು ಕಾಫಿ ಮುಟ್ಟದೆ ಎದ್ದುಹೋದರು. ಕಟ್ಟಳೆಯಂತೆಯೇ ಕಟ್ಟಿದರು, ಜೊತೆಗೆ ಎರಡೂ ಮನೆಗಳ ಹಿತ್ತಿಲ ನಡುವೆ ಆಳೆತ್ತರದ ಗೋಡೆ ಹಾಕಿಸಿದರು. ಎರಡೂ ಮನೆಗೆ ಇದ್ದ ಒಂದೇ ಬಾವಿ ಶಿವಣ್ಣನವರ ಕಡೆಗೆ ಉಳಿಯಿತು. ರುದ್ರಮ್ಮನವರ ಯಜಮಾನರು ಹೆಂಡತಿಗೆ ಒಂದು ಮಾತೂ ಅನ್ನದೆ ಬೀದಿ ನಲ್ಲಿಯಿಂದ ನೀರು ಹೊತ್ತರು. ಗೋಡೆ ಮುಗಿದ ದಿನ ರುದ್ರಮ್ಮ ನಮ್ಮ ಮನೆಗೆ ಬಂದು, ಮದುವೆಯಾಗಿ ಬಂದಾಗ ಶಿವಣ್ಣ ಇನ್ನೂ ಚಡ್ಡಿ ಹಾಕುವ ಹುಡುಗ, ಅವನಿಗೆ ಅನ್ನ ಕಲಸಿ ಕೈತುತ್ತು ಹಾಕಿದವಳು ನಾನು ಎಂದು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮುಂದಿನ ಚುನಾವಣೆಗೆ ಅವರು ನಿಲ್ಲಲಿಲ್ಲ.

ಆಮೇಲೆ ನನಗೆ ತುಮಕೂರಿಗೆ ವರ್ಗವಾಯಿತು. ಅಲ್ಲಿನ ಶೆಟ್ಟಿಹಳ್ಳಿ ಬಡಾವಣೆಯಲ್ಲಿ ಮನೆ ಮಾಡಿಕೊಂಡೆವು. ಕೆಲವು ವರ್ಷಗಳ ನಂತರ ರುದ್ರಮ್ಮನವರಿಗೆ ಲಕ್ವ ಹೊಡೆದಿದೆ ಎಂದು ತಿಳಿದು ನೋಡಲು ಹೋದೆ. ಹಿತ್ತಿಲಲ್ಲೇ ಕುಸಿದುಬಿದ್ದಿದ್ದರಂತೆ. ಅಣ್ಣ ಕೂಗಿದ್ದು ಕೇಳಿದರೂ ಶಿವಣ್ಣನವರು ಗೋಡೆ ದಾಟಲಾಗದೆ ಬೀದಿ ಸುತ್ತಿಕೊಂಡು ಓಡಿಬರಬೇಕಾಯಿತಂತೆ. ಆಸ್ಪತ್ರೆಯಿಂದ ಕರೆತಂದ ಮಾರನೆಯ ದಿನವೇ ಗಾರೆಯವರನ್ನು ಕರೆಸಿ ಗೋಡೆ ಒಡೆಸಿ ಬಾಗಿಲು ಇಡಿಸಿದ್ದರು. ನಾನು ಹೋದಾಗ ಅವರ ಹೆಂಡತಿ ಆ ಬಾಗಿಲಿಂದಲೇ ರಾಗಿ ಗಂಜಿ ತಂದರು. ಶಿವಣ್ಣನವರು ಮಂಚದ ಪಕ್ಕ ಕೂತು ಚಮಚದಲ್ಲಿ ಕುಡಿಸುತ್ತಾ, “ಅತ್ತಿಗೆ, ಈ ಬಾಗ್ಲಿಗೆ ಲೈಸೆನ್ಸ್ ತಗಂಡಿಲ್ಲ” ಎಂದರು.

“ಹಿತ್ಲಿಗೆ ಬೇಕಿಲ್ಲ, ಬುಡು” ಎಂದರು ರುದ್ರಮ್ಮ. ಸೊಟ್ಟಗಾದ ಬಾಯಲ್ಲೂ ನಗು ತಿಳಿಯುತ್ತಿತ್ತು.

ಆಮೇಲೆ ನನ್ನ ಕಡೆ ತಿರುಗಿ ಹೊಸ ಮನೆ ಹೇಗಿದೆಯೆಂದು ವಿಚಾರಿಸಿದರು. ಕಾಂಪೌಂಡು, ಗೇಟು, ಸಂಪು ಎಲ್ಲ ಚೆನ್ನಾಗಿದೆ ಎಂದೆ.

“ಪಕ್ಕದ್ಮನೆಯೋರ ಹೆಸ್ರೇನು?”

ಗೊತ್ತಿಲ್ಲ ಎಂದೆ. ಸ್ವಾಧೀನವಿದ್ದ ಕೈಯಿಂದ ನನ್ನ ಕೈ ಒತ್ತಿ, “ಹೋಗಿ ಕೇಳ್ಕ, ಟೀಚರಮ್ಮ” ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಅವರು ಹೋದ ಸುದ್ದಿ ಬಂದ ಬೆಳಿಗ್ಗೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಪಕ್ಕದ ಮನೆಯ ಗಿರಿಜಮ್ಮ ತಮ್ಮ ಅಡುಗೆಯನ್ನು ಅರ್ಧಕ್ಕೇ ಬಿಟ್ಟು ನನ್ನ ಜೊತೆ ಗುಬ್ಬಿ ಬಸ್ಸು ಹತ್ತಿದರು. ರುದ್ರಮ್ಮನವರನ್ನು ಅವರು ಒಮ್ಮೆಯೂ ನೋಡಿರಲಿಲ್ಲ.